ಉಸಿರು ತಗೊಳ್ಳುವ ಜಾಗ

9 ನವೆಂಬರ್ 2024, ಶನಿವಾರ

ಇವತ್ತು ಎರಡು ಗಂಟೆ ಹೊತ್ತು ಹೆಚ್ಚುಕಮ್ಮಿ ಒಂದೇ ಪುಟ ನುಡಿಸಿದೆವು. ಮೊಜಾರ್ಟ್‌ನ ಫ್ಲೂಟ್ ಮತ್ತು ಹಾರ್ಪ್ ಕನ್ಸರ್ಟೊ, ಅಂದರೆ ಆರ್ಕೆಸ್ಟ್ರಾ ಜೊತೆಗೆ ಈ ಎರಡು ವಾದ್ಯ ಮುಂದಾಗಿ ನುಡಿಯುವ ಕೃತಿ. ಅದರ ಎರಡನೇ ಭಾಗ, ನಿಧಾನಗತಿಯ ಆಂಡಾಂಟಿನೊ. ಆರ್ಕೆಸ್ಟ್ರಾ ಇಲ್ಲ, ನಾವಿಬ್ಬರೇ: ಫ್ಲೂಟಿಗೆ ನಾನು, ಹಾರ್ಪಿಗೆ ಗೆಳತಿ.

ಮೊದಲು ಶ್ರುತಿಯೇ ಕೂಡಲಿಲ್ಲ. ಹಾರ್ಪಿಗೆ 47 ತಂತಿ. ಗೆಳತಿ ಎಲ್ಲವನ್ನೂ ಕೂಡಿಸಿ ಮುಗಿಸುವಷ್ಟರಲ್ಲಿ ನನ್ನ ಫ್ಲೂಟ್ ತಣ್ಣಗಾಗಿತ್ತು. ತಣ್ಣಗಾದರೆ ಶ್ರುತಿ ಇಳಿಯುತ್ತದೆ, ನುಡಿಸುತ್ತಾ ಉಸಿರಿನ ಬಿಸಿಗೆ ಮತ್ತೆ ಏರುತ್ತದೆ. ನುಡಿಸುವಾಗ ನಡುವೆ ಹಾರ್ಪಿನ ತಂತಿ ತಿರುಗಿಸುವ ಹಾಗಿಲ್ಲ. ಹೊಂದಿಕೊಳ್ಳಬೇಕಾದವಳು ನಾನೇ.

ಆಮೇಲೆ ಉಸಿರು. ಈ ಭಾಗದಲ್ಲಿ ಸಾಲುಗಳು ಉದ್ದ. ಉಸಿರೆಳೆಯುವುದು ಯಾರಿಗೂ ಗೊತ್ತಾಗಬಾರದು ಅಂತ ಕದ್ದು ಕದ್ದು ಎಳೆಯುತ್ತಿದ್ದೆ. ಸಾಲಿನ ಕೊನೆಗೆ ಬರುವಾಗ ಸ್ವರ ಸೊರಗುತ್ತಿತ್ತು. ಅವಳು ಕೈ ನಿಲ್ಲಿಸಿ, “ಯಾಕೆ ಹೀಗೆ ಓಡ್ತೀಯ? ನೀನು ಉಸಿರು ತಗೊಳ್ಳುವಾಗ ನಾನಿರ್ತೀನಲ್ಲ” ಅಂದಳು.

ಹೌದಲ್ವಾ! ಹಾರ್ಪಿನ ತಂತಿ ಒಮ್ಮೆ ಮೀಟಿದರೆ ಮುಗಿಯಿತು, ಆ ಸ್ವರ ಆರುತ್ತಲೇ ಹೋಗುತ್ತದೆ. ಅದನ್ನು ಹಿಡಿದಿಡಲು ಅವಳಿಗೆ ಆಗದು. ಫ್ಲೂಟಿನಲ್ಲಿ ಸ್ವರವನ್ನು ಎಳೆಯಬಹುದು, ತುಂಬಿಸಬಹುದು, ಆದರೆ ಎದೆಯಲ್ಲಿ ಗಾಳಿ ಇರುವ ತನಕ ಮಾತ್ರ. ಅವಳ ಸ್ವರ ಆರುವ ಕಡೆ ನನ್ನದು ಉಳಿದಿರುತ್ತದೆ. ನನ್ನ ಗಾಳಿ ಮುಗಿಯುವ ಕಡೆ ಅವಳ ಬೆರಳು ಓಡುತ್ತಿರುತ್ತವೆ.

ಮೊಜಾರ್ಟ್ ಇದನ್ನು ಬರೆದದ್ದು 1778ರಲ್ಲಿ, ಪ್ಯಾರಿಸ್‌ನಲ್ಲಿ. ಫ್ಲೂಟ್ ನುಡಿಸುವ ಒಬ್ಬ ಡ್ಯೂಕ್, ಹಾರ್ಪ್ ನುಡಿಸುವ ಅವನ ಮಗಳು, ಅವರಿಬ್ಬರಿಗಾಗಿ. ನಾಲ್ಕು ತಿಂಗಳಾದರೂ ಡ್ಯೂಕ್ ಹಣ ಕೊಟ್ಟಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ಆದರೆ ಅಪ್ಪ ಮಗಳು ಎದುರುಬದುರು ಕೂತು ಈ ಸಾಲುಗಳನ್ನು ನುಡಿಸುವುದನ್ನು ಊಹಿಸಿಕೊಂಡರೆ ಮನಸ್ಸು ಮೆತ್ತಗಾಗುತ್ತದೆ. ಆಂಡಾಂಟಿನೊದಲ್ಲಿ ಆರ್ಕೆಸ್ಟ್ರಾದ ಊದುವ ವಾದ್ಯಗಳಾದ ಓಬೋ, ಹಾರ್ನ್‌ಗಳಿಗೆ ಒಂದು ಸ್ವರವೂ ಇಲ್ಲ. ಇವರಿಬ್ಬರ ಹಿಂದೆ ಇರುವುದು ಪಿಟೀಲಿನ ಬಳಗ ಮಾತ್ರ. ಅಷ್ಟು ಜಾಗ ಬಿಟ್ಟಿದ್ದಾನೆ ಮೊಜಾರ್ಟ್.

ಕೊನೆಯ ಸಲ ನುಡಿಸುವಾಗ ಅವಸರ ಬಿಟ್ಟು, ಹೊಟ್ಟೆ ತುಂಬ ಉಸಿರೆಳೆದೆ. ಆಗ ಅವಳ ಎಡಗೈ ಮೀಟಿದ ಮಂದ್ರದ ತಂತಿ ಕೇಳಿಸಿತು. ಇಷ್ಟು ದಿನ ಅದು ಅಲ್ಲೇ ಇತ್ತು!

ಆ ಜಾಗದಲ್ಲಿ ಉಸಿರಿನ ಗುರುತಿಗೆ ಪೆನ್ಸಿಲ್‌ನಿಂದ ಒಂದು ಅಲ್ಪವಿರಾಮ ಹಾಕಿಕೊಂಡೆ. ಅವಳೂ ತನ್ನ ಪುಟದಲ್ಲಿ ಅದೇ ಜಾಗಕ್ಕೆ ಹಾಕಿಕೊಂಡಳು.