ಸೇತುವೆ ದಾಟಲು ಒಂದು ವಾರ

ಸೇತುವೆಯ ನಡುವಿಗೆ ಬಂದಿದ್ದೆ. ಕೆಳಗೆ ನೀರಿನ ಸದ್ದು, ಎದುರಿಗೆ ಕಲ್ಲಿನ ದಾರಿ. ಅಷ್ಟರಲ್ಲಿ ಪರದೆ ಹಾಗೇ ನಿಂತಿತು. ಸದ್ದು ಒಂದೇ ಸ್ವರ ಹಿಡಿದು ಗೊರ್ ಅಂದಿತು. ಆಮೇಲೆ ಆಟವೇ ಇಲ್ಲ. ಖಾಲಿ ಡೆಸ್ಕ್‌ಟಾಪ್, ಅದರ ಮೇಲೆ ನಾಲ್ಕು ಐಕಾನ್. ಏನೂ ನಡೆದೇ ಇಲ್ಲ ಅನ್ನುವ ಹಾಗೆ.

ಏನು ತಪ್ಪಾಯಿತು ಅಂತ ಒಂದು ಸಾಲೂ ಬರಲಿಲ್ಲ. ಸ್ಕೈರಿಮ್ ಅನ್ನುವ ಈ ಕಂಪ್ಯೂಟರ್ ಆಟಕ್ಕೆ ಮಾಡ್, ಅಂದರೆ ಆಟವನ್ನು ಬದಲಿಸಲು ಆಡುವವರೇ ಮಾಡಿದ ಸೇರ್ಪಡೆ, ತುಂಬಿದರೆ ಅದು ಬೀಳುವುದೇ ಹೀಗೆ. ಬೈಯುವುದಿಲ್ಲ, ಹೇಳುವುದಿಲ್ಲ, ಸುಮ್ನೆ ಎದ್ದು ಹೋಗುತ್ತದೆ. ಆಡುವವರು ಇದನ್ನು ಸಿಟಿಡಿ ಅನ್ನುತ್ತಾರೆ, ಕ್ರ್ಯಾಶ್ ಟು ಡೆಸ್ಕ್‌ಟಾಪ್.

ಆಟದ ಮೇಲೆ ದೂರು ಹೇಳುತ್ತಿಲ್ಲ. ಏನೂ ಹಾಕದೆ ಆಡಿದರೆ ನನ್ನ ಕಂಪ್ಯೂಟರಿನಲ್ಲಿ ಅದು ಗಂಟೆಗಟ್ಟಲೆ ಓಡುತ್ತದೆ. ಆದರೆ ಏನೂ ಹಾಕದೆ ಇರಲು ಆಗಬೇಕಲ್ಲ! ಮೂಲ ಆಟ ಬಂದದ್ದು 2011ರ ನವೆಂಬರ್ 11ರಂದು. ನನ್ನ ಬಳಿ ಇರುವುದು 2016ರ ಸ್ಪೆಷಲ್ ಎಡಿಷನ್. ಹಳೆಯದು 32 ಬಿಟ್, ಇದು 64 ಬಿಟ್. ಈ ವ್ಯತ್ಯಾಸವನ್ನು ಆಗಲೇ ಸರಿಯಾಗಿ ಮನಸ್ಸಿಗೆ ಹಾಕಿಕೊಂಡಿದ್ದರೆ ಈ ಬರಹ ಅರ್ಧಕ್ಕೆ ನಿಲ್ಲುತ್ತಿತ್ತು. ಹುಲ್ಲು ಇನ್ನೂ ಹಸಿರಾಗಲಿ ಅಂತ ಒಂದು ಮಾಡ್ ಹಾಕಿದೆ. ಹುಲ್ಲು ಚೆನ್ನಾಗಿ ಕಂಡ ಮೇಲೆ ಮರಗಳು ಮಂಕಾಗಿ ಕಂಡವು. ಮರ ಸರಿ ಮಾಡಿದರೆ ಬಂಡೆ. ಬಂಡೆ ಆದ ಮೇಲೆ ಆಕಾಶ, ಮಳೆ, ಜನರ ಮುಖ, ನಡಿಗೆ, ಊರಿನ ದೀಪ. ಆ ಸೋಮವಾರ ಎಣಿಸಿದಾಗ ಪಟ್ಟಿಯಲ್ಲಿ 187 ಇದ್ದವು.

ಮೊದಲ ಮೂರು ದಿನ ನಾನು ಮಾಡಿದ್ದನ್ನು ದೋಷ ಹುಡುಕುವುದು ಅನ್ನಲಾರೆ. ಹರಕೆ ಹೊತ್ತಂತೆ ಒಂದೊಂದೇ ಮಾಡಿದೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ. ನೆರಳನ್ನು ಕಡಿಮೆ ಮಾಡಿದೆ. ಆಟದ ಫೈಲುಗಳನ್ನು ಪರೀಕ್ಷೆ ಮಾಡಿಸಿದೆ. ಲೂಟ್ ಅನ್ನುವ ತಂತ್ರಾಂಶದಿಂದ ಮಾಡ್‌ಗಳ ಮುಖ್ಯ ಫೈಲುಗಳಾದ ಪ್ಲಗಿನ್‌ಗಳ ಸಾಲನ್ನು ಮತ್ತೆ ಮತ್ತೆ ಜೋಡಿಸಿದೆ. ಲೂಟ್ ಬಗ್ಗೆ ಒಂದು ಮಾತು. ಎರಡು ಮಾಡ್‌ಗಳು ಒಂದೇ ವಸ್ತುವನ್ನು ಬದಲಿಸಿದರೆ ಸಾಲಿನಲ್ಲಿ ಕೊನೆಗೆ ಬಂದದ್ದರ ಮಾತೇ ನಡೆಯುತ್ತದೆ. ಹಾಗಾಗಿ ಸಾಲು ಮುಖ್ಯ, ಲೂಟ್ ಅದನ್ನು ಚೆನ್ನಾಗಿ ಜೋಡಿಸುತ್ತದೆ. ಆದರೆ ಅದು ಪುಸ್ತಕಗಳನ್ನು ಕಪಾಟಿನಲ್ಲಿ ಸರಿಯಾಗಿ ಇಡುವ ಕೆಲಸ ಅಷ್ಟೇ. ಒಳಗೆ ಪುಟ ಹರಿದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ನಾನು ಹರಿದ ಪುಟ ಹುಡುಕಲು ಕಪಾಟನ್ನೇ ಹತ್ತು ಸಲ ಒರೆಸಿದೆ.

ಇದರ ನಡುವೆ ಒಂದು ಮಾತ್ರ ಫಲ ಕೊಟ್ಟಂತೆ ಕಂಡಿತು. ಬಂಡೆ, ಗೋಡೆಗಳ ಮೈಗೆ ಹೊದಿಸುವ ಚಿತ್ರಗಳೇ ಟೆಕ್ಸ್ಚರ್. ಅವುಗಳಿಗೆ ಹಾಕಿದ್ದ 4ಕೆ ಟೆಕ್ಸ್ಚರ್‌ಗಳನ್ನು ತೆಗೆದು 2ಕೆ ಹಾಕಿದೆ. 4096 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಒಂದು ಚಿತ್ರ ಕುಗ್ಗಿಸದೆ ಇದ್ದರೆ 64 ಎಂಬಿ. ಬಿಸಿ7 ವಿಧಾನದಲ್ಲಿ ಕುಗ್ಗಿಸಿದರೂ 16 ಎಂಬಿ. 2ಕೆಗೆ ಇಳಿದರೆ ಅದರ ಕಾಲು ಭಾಗ ಸಾಕು. ಹಾಗೆ ಮಾಡಿದ ದಿನ ಆಟ ಒಂದು ಗಂಟೆಗೂ ಜಾಸ್ತಿ ಓಡಿತು. ಸರಿಹೋಯಿತು ಅಂತ ಕುರ್ಚಿಗೆ ಒರಗಿ ಕೂತೆ. ಆಮೇಲೆ ಎಲ್ಲೋ ಬಯಲಿನಲ್ಲಿ, ಸೇತುವೆಯೂ ಇಲ್ಲದ ಕಡೆ, ಅದೇ ಗೊರ್ ಸದ್ದು.

ಈ ಒಂದು ಗಂಟೆ ನನ್ನನ್ನು ಎರಡು ದಿನ ದಾರಿ ತಪ್ಪಿಸಿತು. ಅದು ಯಾಕೆ ಅನ್ನುವುದು ಮುಂದೆ ಬರುತ್ತದೆ.

ಗುರುವಾರ ಅರ್ಧರ್ಧ ಮಾಡುವ ಹಳೆಯ ಉಪಾಯಕ್ಕೆ ಕೈ ಹಾಕಿದೆ. ಮಾಡ್‌ಗಳಲ್ಲಿ ಅರ್ಧವನ್ನು ಆಫ್ ಮಾಡಿ ಆಡಿ ನೋಡುವುದು. ಬಿದ್ದರೆ ಕಳ್ಳ ಉಳಿದವುಗಳಲ್ಲಿದ್ದಾನೆ, ಬೀಳದಿದ್ದರೆ ಆಫ್ ಮಾಡಿದವುಗಳಲ್ಲಿ. ಮತ್ತೆ ಅರ್ಧ. ಲೆಕ್ಕದ ಪ್ರಕಾರ 187ಕ್ಕೆ ಎಂಟು ಸುತ್ತು ಸಾಕು. ಕಾಗದದ ಮೇಲೆ ಎಷ್ಟು ಚಂದ, ಅಲ್ವಾ?

ಹಳೆಯ ಸೇವ್, ಅಂದರೆ ಉಳಿಸಿಟ್ಟ ಆಟದ ಮೇಲೆ ಇದನ್ನು ಮಾಡಬಾರದು ಅನ್ನುವಷ್ಟು ಬುದ್ಧಿ ನನಗಿತ್ತು. ಸ್ಕ್ರಿಪ್ಟ್ ಇರುವ ಮಾಡ್ ಅನ್ನು ನಡುವೆ ಕಿತ್ತರೆ ಅದರ ಚೂರುಗಳು ಸೇವ್ ಫೈಲಿನೊಳಗೆ ಹಾಗೇ ಉಳಿಯುತ್ತವೆ. ಅದಕ್ಕೆ ಮಾಡ್‌ಗಳನ್ನು ಜೋಡಿಸಿಡುವ ತಂತ್ರಾಂಶ ಮಾಡ್ ಆರ್ಗನೈಸರ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡೆ. ಆಟದ ಮೊದಲ ಮೆನುವಿನಿಂದಲೇ ಆದೇಶ ಬರೆಯುವ ಕನ್ಸೋಲ್ ತೆರೆದು, ಬೇಕಾದ ಜಾಗಕ್ಕೆ ಒಯ್ಯುವ ಸಿಓಸಿ ಆದೇಶದಿಂದ ನೇರವಾಗಿ ಆಟದೊಳಗಿನ ಹಳ್ಳಿಯಾದ ರಿವರ್‌ವುಡ್‌ಗೆ ಇಳಿಯುವುದು. ಸೇವ್ ಇಲ್ಲ, ಹಿಂದಿನ ಕಥೆ ಇಲ್ಲ. ಇಳಿದು, ಊರು ದಾಟಿ, ವೈಟ್‌ರನ್ ಕಡೆಯ ಆ ಸೇತುವೆ ಮೇಲೆ ಓಡುವುದು.

ಆದರೆ ಮಾಡ್‌ಗಳು ಒಂಟಿಯಾಗಿ ಬದುಕುವುದಿಲ್ಲ. ಒಂದು ಇನ್ನೊಂದನ್ನು ಆಧರಿಸಿರುತ್ತದೆ. ಆಧಾರವಾದ ಆ ಮಾಸ್ಟರ್ ಫೈಲ್ ಇಲ್ಲದಿದ್ದರೆ ಆಟ ಮೆನು ತೋರಿಸುವ ಮೊದಲೇ ಬೀಳುತ್ತದೆ. ಅರ್ಧ ಆಫ್ ಮಾಡುವ ಗಡಿಬಿಡಿಯಲ್ಲಿ ನಾನು ತಾಯಿಯನ್ನು ಆಫ್ ಮಾಡಿ ಮಕ್ಕಳನ್ನು ಹಾಗೇ ಬಿಟ್ಟಿದ್ದೆ. ಪಟ್ಟಿಯ ಪಕ್ಕದಲ್ಲಿ ಎಚ್ಚರಿಕೆಯ ಗುರುತು ಕಾಣುತ್ತಲೇ ಇತ್ತು. ನೋಡಲಿಲ್ಲ. ಆಟ ಬಿತ್ತು. ಸರಿ, ಕಳ್ಳ ಈ ಅರ್ಧದಲ್ಲಿದ್ದಾನೆ ಅಂತ ಬರೆದುಕೊಂಡೆ. ಅಂದರೆ ಕ್ರ್ಯಾಶ್ ಹುಡುಕಲು ಹೊರಟವಳು ನಾನೇ ಒಂದು ಹೊಸ ಕ್ರ್ಯಾಶ್ ತಯಾರಿಸಿ, ಅದನ್ನೇ ಸಾಕ್ಷಿ ಅಂತ ನಂಬಿದೆ. ಐದನೇ ಸುತ್ತಿಗೆ ನನ್ನ ಕೈಯಲ್ಲಿ ಉಳಿದದ್ದು ಆರು ಮಾಡ್. ಅವುಗಳಲ್ಲಿ ಒಂದು ಬೆಕ್ಕುಗಳ ಬಣ್ಣ ಬದಲಿಸುವುದು. ಆ ಆರನ್ನು ಮಾತ್ರ ಇಟ್ಟು ಆಡಿದರೆ ಏನೂ ಆಗಲಿಲ್ಲ.

ಶನಿವಾರ ತಮ್ಮ ಹಿಂದೆ ಬಂದು ನಿಂತ.

"ಅಕ್ಕ, ಆಟ ಆಡ್ತಿದೀಯಾ, ರಿಪೇರಿ ಮಾಡ್ತಿದೀಯಾ?"

"ಈಗ ರಿಪೇರಿನೇ ಆಟ ಕಣೋ."

"ಯಾವಾಗ್ಲೂ ಇದೇ ಜಾಗದಲ್ಲಿ ಹೋಗುತ್ತಾ?"

"ಎಲ್ಲೆಂದರಲ್ಲಿ ಹೋಗುತ್ತೆ. ಸೇತುವೆ ಹತ್ರ ಜಾಸ್ತಿ."

"ಬರ್ಕೊಂಡಿದೀಯಾ?"

ಅವನಿಗೆ ಈ ಆಟದ ಗಂಧಗಾಳಿ ಇಲ್ಲ. ಆದರೂ ಕೇಳಬೇಕಾದ್ದನ್ನೇ ಕೇಳಿದ. ನಾನು ಬರೆದುಕೊಂಡಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಬೇರೆ ಇತ್ತು. ಬುಧವಾರವೇ ಕ್ರ್ಯಾಶ್ ಲಾಗರ್ ಹಾಕಿದ್ದೆ. ಆಟ ಬಿದ್ದಾಗಲೆಲ್ಲ ಅದು ಒಂದು ಟೆಕ್ಸ್ಟ್ ಫೈಲ್ ಬರೆದಿಡುತ್ತದೆ. ಒಂದನ್ನು ತೆರೆದು ಮೊದಲ ಸಾಲು ಓದಿದ್ದೆ: ಆಕ್ಸೆಸ್ ವಯಲೇಷನ್. ಅಂದರೆ ತನ್ನದಲ್ಲದ ಮೆಮೊರಿಯ ಜಾಗಕ್ಕೆ ಪ್ರೋಗ್ರಾಂ ಕೈ ಹಾಕಿದೆ. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಎಲ್ಲಾ ಒಂದೇ ಕಾಯಿಲೆ ಅಂತ ಮುಚ್ಚಿಟ್ಟಿದ್ದೆ. ಜ್ವರ ಬಂದಿದೆ ಅಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಕಾಯಿಲೆ ಅಂದಂತಾಯಿತು ಅದು.

ಈ ಸಲ 14 ಲಾಗ್‌ಗಳನ್ನೂ ತೆರೆದು ಪಕ್ಕಪಕ್ಕ ಇಟ್ಟೆ. ಮೊದಲ ಸಾಲಿನ ಕೊನೆಯಲ್ಲಿ ಆಟದ ಪ್ರೋಗ್ರಾಂ ಒಳಗೆ ಯಾವ ಜಾಗದಲ್ಲಿ ಎಡವಿತು ಅಂತ ಒಂದು ವಿಳಾಸ ಇರುತ್ತದೆ. ಅಕ್ಷರ, ಅಂಕೆ ಬೆರೆತ ಒಂದು ಚೂರು. ನಾನು ಅದನ್ನು ಕಸ ಅಂದುಕೊಂಡಿದ್ದೆ. ಐದು ಲಾಗ್‌ಗಳಲ್ಲಿ ಆ ಚೂರು ಒಂದೇ ಇತ್ತು, ಅಕ್ಷರವೂ ಬದಲಿಲ್ಲ. ಇನ್ನು ಮೂರರಲ್ಲಿ ಬೇರೆ, ಆದರೆ ಆ ಮೂರೂ ತಮ್ಮೊಳಗೆ ಒಂದೇ. ಉಳಿದ ಆರು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ.

ಮೂರು ಗುಡ್ಡೆ. ವಾರವಿಡೀ ನಾನು ಒಬ್ಬ ಕಳ್ಳನನ್ನು ಹುಡುಕಿದ್ದೆ. ಅರ್ಧರ್ಧ ಮಾಡುವ ಉಪಾಯ ನಡೆಯುವುದೂ ಒಬ್ಬನೇ ಕಳ್ಳ ಇದ್ದಾಗ. ಮೂವರಿದ್ದರೆ ಒಬ್ಬನನ್ನು ಹೊರಗೆ ಹಾಕಿದಾಗ ಇನ್ನೊಬ್ಬ ಒಳಗಿನಿಂದ ಬೀಳಿಸುತ್ತಾನೆ.

ಮೂರರ ಗುಡ್ಡೆ ಬೇಗ ಬಗೆಹರಿಯಿತು. ಫೈಲುಗಳ ಹೆಸರಿನಲ್ಲಿದ್ದ ದಿನ, ಸಮಯ ನೋಡಿದರೆ ಗುರುವಾರ ರಾತ್ರಿಯವು. ನಾನೇ ತಯಾರಿಸಿದವು. ಅಳಿಸಿ ಹಾಕಿದೆ.

ಐದರ ಗುಡ್ಡೆ ಸೇತುವೆಯದು. ಲಾಗ್‌ನಲ್ಲಿ ಕೆಳಗೆ ಕೆಳಗೆ ಹೋದರೆ, ಬೀಳುವ ಹೊತ್ತಿಗೆ ಆಟ ಏನನ್ನು ಕೈಯಲ್ಲಿ ಹಿಡಿದಿತ್ತು ಅನ್ನುವ ಸುಳಿವು ಸಿಗುತ್ತದೆ. ಅಲ್ಲಿ ಒಂದು ಮೆಶ್ ಫೈಲಿನ, ಅಂದರೆ ವಸ್ತುವಿನ ಆಕಾರ ಇರುವ ಫೈಲಿನ, ಹೆಸರು ಇತ್ತು. ಐದರಲ್ಲೂ ಅದೇ. ಸೇತುವೆಯ ಕಲ್ಲಲ್ಲ, ಕಂಬವಲ್ಲ. ಗಾಡಿ. ಯಾವ ಗಾಡಿ? ಆ ಸೇತುವೆ ಮೇಲೆ ನಾನು ಯಾವತ್ತೂ ಗಾಡಿ ನೋಡಿರಲಿಲ್ಲ.

ನೋಡದೇ ಇದ್ದದ್ದೇ ವಿಷಯ. ಸ್ಕೈರಿಮ್‌ನ ಹೊರಾಂಗಣ ಚೌಕಗಳಾಗಿ ಹೋಳಾಗಿದೆ. ಒಂದೊಂದು ಚೌಕದ ಅಗಲ 4096 ಯೂನಿಟ್, ಮೀಟರಿನಲ್ಲಿ ಸುಮಾರು 58. ನಾವು ನಿಂತ ಚೌಕದ ಸುತ್ತ ಐದು ಅಡ್ಡ, ಐದು ಉದ್ದ, ಒಟ್ಟು 25 ಚೌಕಗಳನ್ನು ಆಟ ಪೂರ್ತಿ ತೆರೆದಿಟ್ಟಿರುತ್ತದೆ. ಒಂದು ಗೆರೆ ದಾಟಿದರೆ ಎರಡು ಚೌಕ ಮುಂದಿನ ಸಾಲು ಹೊಸದಾಗಿ ತೆರೆಯುತ್ತದೆ. ಅಂದರೆ ನಾನು ಸೇತುವೆ ಮೇಲೆ ಕಾಲಿಟ್ಟಾಗ ಆಟ ಎಡವುತ್ತಿದ್ದದ್ದು ನೂರು ಮೀಟರಿಗೂ ಆಚೆ, ಇನ್ನೂ ಕಣ್ಣಿಗೆ ಬೀಳದ ಒಂದು ವಸ್ತುವಿನ ಮೇಲೆ. ನಾನು ಮಾತ್ರ ಸೇತುವೆಯ ಕಲ್ಲು, ನೀರು, ಮೀನು ಎಲ್ಲವನ್ನೂ ಬದಲಿಸಿ ನೋಡಿದ್ದೆ. ಪಾಪದ ಸೇತುವೆ.

ಗಾಡಿ ತಂದದ್ದು ದಾರಿ ಬದಿಯಲ್ಲಿ ಚಿಕ್ಕಪುಟ್ಟ ಸಾಮಾನು ಇಡುವ ಒಂದು ಮಾಡ್. ಯಾವಾಗ ಹಾಕಿದೆನೋ ನೆನಪೇ ಇಲ್ಲ. ಅದು 2011ರ ಹಳೆಯ ಆಟಕ್ಕೆ ಮಾಡಿದ್ದು. ಹಳೆಯ ಆಟದ ಮೆಶ್‌ಗಳು ಬೇರೆ ರೂಪದಲ್ಲಿರುತ್ತವೆ, ಹೊಸದಕ್ಕೆ ಪರಿವರ್ತಿಸಿ ಹಾಕಬೇಕು. ಪರಿವರ್ತಿಸದಿದ್ದರೂ ಕೆಲವು ಹೇಗೋ ನಡೆದುಬಿಡುತ್ತವೆ, ಕೆಲವು ಆಟವನ್ನೇ ಬೀಳಿಸುತ್ತವೆ. ಮಾಡ್ ಮಾಡಿದವರು ಅದು ಯಾವ ಆಟಕ್ಕೆ ಅಂತ ಸ್ಪಷ್ಟವಾಗಿ ಬರೆದೇ ಇದ್ದರು. ಓದದೆ ಇಳಿಸಿಕೊಂಡವಳು ನಾನು. ಕೆಥೀಡ್ರಲ್ ಅಸೆಟ್ಸ್ ಆಪ್ಟಿಮೈಸರ್ ಅನ್ನುವ ತಂತ್ರಾಂಶಕ್ಕೆ ಆ ಫೋಲ್ಡರ್ ಕೊಟ್ಟೆ. ನಿಮಿಷದೊಳಗೆ ಪರಿವರ್ತಿಸಿ ಕೊಟ್ಟಿತು.

ಸೇತುವೆ ದಾಟಿದೆ. ನಿಜ ಹೇಳಬೇಕೆಂದರೆ ಉಸಿರು ಬಿಗಿ ಹಿಡಿದು ದಾಟಿದೆ. ಆಚೆ ದಾರಿಯ ಬದಿಯಲ್ಲಿ ಅದು ನಿಂತಿತ್ತು. ಒಂದು ಚಕ್ರ ಮುರಿದ, ಮೇಲೆ ಎರಡು ಮೂಟೆ ಇದ್ದ ಗಾಡಿ. ಅದರ ಸುತ್ತ ಎರಡು ಸುತ್ತು ಬಂದು ನೋಡಿದೆ. ಅಷ್ಟೇನೂ ಚೆನ್ನಾಗಿರಲಿಲ್ಲ.

ಉಳಿದ ಆರು ಲಾಗ್‌ಗಳು ಭಾನುವಾರವನ್ನು ತಿಂದವು. ಅವುಗಳಲ್ಲಿ ಒಂದೇ ಹೆಸರು ಎರಡು ಸಲ ಬಂದಿರಲಿಲ್ಲ. ಒಂದರಲ್ಲಿ ಮರ, ಒಂದರಲ್ಲಿ ಯಾರದೋ ಅಂಗಿ, ಒಂದರಲ್ಲಿ ಏನೂ ಇಲ್ಲ. ಈ ಸಲ ಸಮಯ ಬರೆದುಕೊಂಡು ಆಡಿದೆ. ಬಿದ್ದದ್ದು 68 ನಿಮಿಷಕ್ಕೆ. 4ಕೆ ಟೆಕ್ಸ್ಚರ್‌ಗಳನ್ನು ಮತ್ತೆ ಹಾಕಿ ಆಡಿದೆ. 41 ನಿಮಿಷ. ಆಗ ತಲೆಗೆ ಹೊಳೆಯಿತು. ಜಾಗ ಮುಖ್ಯವಲ್ಲ, ಏನೋ ತುಂಬುತ್ತಿದೆ. ಟೆಕ್ಸ್ಚರ್ ಚಿಕ್ಕದಾದರೆ ನಿಧಾನ ತುಂಬುತ್ತದೆ, ದೊಡ್ಡದಾದರೆ ಬೇಗ. ನಾನು ವಾಸಿಯಾಯಿತು ಅಂದುಕೊಂಡಿದ್ದೆನಲ್ಲ, ಅದು ಬರೀ ಮುಂದಕ್ಕೆ ಹೋಗಿತ್ತು.

ಆದರೆ ಏನು ತುಂಬುತ್ತಿದೆ? ಲಾಗ್‌ನಲ್ಲೇ ಮೆಮೊರಿಯ ಲೆಕ್ಕ ಇತ್ತು. 16 ಜಿಬಿಯಲ್ಲಿ 11 ಬಳಕೆ. ಐದು ಜಿಬಿ ಖಾಲಿ. ಇಷ್ಟು ಜಾಗ ಇದ್ದೂ ಸಾಲದೇ ಹೋಗುವುದು ಹೇಗೆ?

ಟಾಸ್ಕ್ ಮ್ಯಾನೇಜರ್ ತೆರೆದು ಪಕ್ಕದ ಪರದೆಯಲ್ಲಿಟ್ಟು ಆಡಿದೆ. ಮೆಮೊರಿಯ ಪುಟದಲ್ಲಿ ಬಳಕೆಯ ಅಂಕೆಯ ಹತ್ತಿರವೇ ಕಮಿಟೆಡ್ ಅಂತ ಇನ್ನೊಂದು ಅಂಕೆ ಇರುತ್ತದೆ. ಅದನ್ನು ನಾನು ಈವರೆಗೆ ಗಮನಿಸಿದವಳೇ ಅಲ್ಲ. ಪ್ರೋಗ್ರಾಂಗಳಿಗೆ ವಿಂಡೋಸ್ ಮಾತು ಕೊಟ್ಟ ಮೆಮೊರಿಯ ಲೆಕ್ಕ ಅದು, ಬಳಸಲಿ ಬಿಡಲಿ. ರ‍್ಯಾಮ್ ಮತ್ತು ಪೇಜ್ ಫೈಲ್ (ಮೆಮೊರಿಗೆ ನೆರವಾಗಲು ಡಿಸ್ಕ್‌ನಲ್ಲಿ ಇಡುವ ಜಾಗ) ಎರಡೂ ಸೇರಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅದು ಮಾತು ಕೊಡುತ್ತದೆ. ನನ್ನ ಪರದೆಯಲ್ಲಿ ಮಿತಿ 15.9 ಜಿಬಿ ಇತ್ತು. ಬರೀ ರ‍್ಯಾಮ್‌ನಷ್ಟೇ. ಕಮಿಟೆಡ್ ಅಂಕೆ 14 ದಾಟಿತು, 15 ದಾಟಿತು, 15.7ಕ್ಕೆ ಬಂತು. ಗೊರ್.

ಪೇಜ್ ಫೈಲ್ ಎಲ್ಲಿ ಹೋಯಿತು? ಸೆಟ್ಟಿಂಗ್ ತೆರೆದೆ. ಪೇಜ್ ಫೈಲ್ ಬೇಡ ಅನ್ನುವುದಕ್ಕೆ ಗುರುತು ಬಿದ್ದಿತ್ತು. ಅದನ್ನು ಒತ್ತಿದ್ದು ಯಾರು ಅಂತ ಯೋಚಿಸಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಎಸ್‌ಎಸ್‌ಡಿ ಹೊಸದಾಗಿ ಹಾಕಿದ ಕಾಲ. ಪೇಜ್ ಫೈಲ್ ಇದ್ದರೆ ಆ ಡಿಸ್ಕ್ ಬೇಗ ಸವೆಯುತ್ತದೆ ಅಂತ ಯಾರೋ ಹೇಳಿದ್ದನ್ನು ಕೇಳಿ, ನನ್ನ ಕೈಯಾರೆ ಆಫ್ ಮಾಡಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರಲ್ಲ, ನಾನು 187 ಮನೆಯ ಬಾಗಿಲು ತಟ್ಟಿದ್ದೆ.

ಗಾತ್ರವನ್ನು ವಿಂಡೋಸೇ ನೋಡಿಕೊಳ್ಳಲಿ ಅಂತ ಬಿಟ್ಟು ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ.

"ಕೊನೆಗೆ ಯಾವ ಮಾಡ್ ಅಕ್ಕ?" ತಮ್ಮ ಕೇಳಿದ.

"ಒಂದು ಗಾಡಿ."

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ನಾನೇ."

ಅವನು ನಕ್ಕು ಹೋದ. ನಾನು ಹಳೆಯ ಸೇವ್ ತೆರೆದೆ. ರಿವರ್‌ವುಡ್ ದಾಟಿ, ಸೇತುವೆ ದಾಟಿ, ಗಾಡಿಯನ್ನೂ ದಾಟಿ ನಡೆದೆ. ಒಂದೂವರೆ ಗಂಟೆ ಆಯಿತು. ಕಣ್ಣು ಮಾತ್ರ ಪಕ್ಕದ ಪರದೆಯ ಕಮಿಟೆಡ್ ಅಂಕೆಯ ಮೇಲೆ. 17 ದಾಟಿತು, ಏನೂ ಆಗಲಿಲ್ಲ. 18. ಆಟ ಓಡುತ್ತಲೇ ಇತ್ತು. ಆ ಅಂಕೆ ನೋಡುತ್ತಾ ಕೂತಿದ್ದಾಗ ಪೊದೆಯಿಂದ ಎರಡು ತೋಳ ಬಂದದ್ದು ಗೊತ್ತೇ ಆಗಲಿಲ್ಲ. ಪರದೆ ಕೆಂಪಾಯಿತು, ನನ್ನ ಪಾತ್ರ ನೆಲಕ್ಕೆ ಉರುಳಿತು. ಆಟಕ್ಕಿಂತ ಮೊದಲು ನಾನು ಸತ್ತದ್ದು ಆ ವಾರದಲ್ಲಿ ಅದೇ ಮೊದಲು.