ಮೊಳದ ಅಂತರ, ಮತ್ತೆ ಮತ್ತೆ ಪಾಸ್‌ವರ್ಡ್

ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರ್‌ಗಳು, ನಡುವೆ ಮೊಳದ ಅಂತರವೂ ಇಲ್ಲ. ಆದರೂ ಲ್ಯಾಪ್‌ಟಾಪ್‌ನಿಂದ ಹಳೆಯ ಯಂತ್ರದ ಫೋಟೊ ಫೋಲ್ಡರ್ ತೆರೆಯಹೋದಾಗಲೆಲ್ಲ ‘ಹೆಸರು? ಪಾಸ್‌ವರ್ಡ್?’ ಎಂಬ ಅದೇ ಪ್ರಶ್ನೆ. ವಾರವಿಡೀ ನಾಲ್ಕಂಕಿಯ ಪಿನ್ ಒತ್ತಿ ಒತ್ತಿ ‘ತಪ್ಪು’ ಎನ್ನಿಸಿಕೊಂಡೆ. ತಪ್ಪು ನನ್ನದೇ. ವಿಂಡೋಸ್‌ನ ಪಿನ್ ಆ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬಂದವರು ಖಾತೆಯ ಪಾಸ್‌ವರ್ಡನ್ನೇ ಕೊಡಬೇಕು.

ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಬಿಡಬಹುದಿತ್ತು. ಬಂದವರಿಗೆಲ್ಲ ವೈಫೈ ಕೊಡುವ ಮನೆಯಲ್ಲಿ ಅದೇಕೋ ಬೇಡವೆನಿಸಿತು. ಕೇಳದೆ ಒಳಗೆ ಬಿಡುವುದೇ ಬೇರೆ, ಗುರುತು ಹಿಡಿದು ಬಿಡುವುದೇ ಬೇರೆ. ಹಾಗಾಗಿ ಹಳೆಯ ಯಂತ್ರದಲ್ಲಿ ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆ (ಆ ಯಂತ್ರಕ್ಕಷ್ಟೇ ಸೇರಿದ್ದು) ತೆರೆದು, ಆ ಒಂದು ಫೋಲ್ಡರ್‌ಗೆ ಮಾತ್ರ ಅನುಮತಿ ಕೊಟ್ಟೆ. ಅದರ ವಿವರವನ್ನು ಲ್ಯಾಪ್‌ಟಾಪ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ, ಅಂದರೆ ವಿಂಡೋಸ್ ಹೆಸರು-ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಜಾಗದಲ್ಲಿ, ಬರೆದಿಟ್ಟೆ. ಮೊದಲ ಸಲ ಅದೂ ಒಪ್ಪಲಿಲ್ಲ! ಖಾತೆಯ ಹೆಸರಿಗಿಂತ ಮೊದಲು ಹಳೆಯ ಯಂತ್ರದ ಹೆಸರು, ನಡುವೆ ಒಂದು ಬ್ಯಾಕ್‌ಸ್ಲ್ಯಾಶ್ (\) ಸೇರಿಸಿದ ಮೇಲೆ ಬಾಗಿಲು ತೆರೆಯಿತು.

ಈಗ ಕ್ಲಿಕ್ಕಿಸಿದರೆ ಫೋಲ್ಡರ್ ತೆಪ್ಪಗೆ ತೆರೆದುಕೊಳ್ಳುತ್ತದೆ. ನಕಲು ಮಾಡಲು ಕುಳಿತವನು ಹಳೆಯ ಫೋಟೊಗಳನ್ನು ನೋಡುತ್ತಲೇ ರಾತ್ರಿ ಕಳೆದೆ. ನಕಲು ಇನ್ನೂ ಆಗಿಲ್ಲ.