ನಾನು ನಿಂತೇ ಇದ್ದೀನಿ, ಎದೆ ಓಡ್ತಿದೆ

ಮಗಳಿಗೆ ಆಗ ಎಂಟು ವರ್ಷ. ಸುಮ್ನೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದವಳು ಎದ್ದು ಬಂದು, "ಅಪ್ಪಾ, ನಾನು ನಿಂತೇ ಇದ್ದೀನಿ, ಎದೆ ಮಾತ್ರ ಓಡ್ತಿದೆ" ಅಂದಳು. ಕತ್ತು ನೋಡಿದೆ. ಕಿವಿಯ ಕೆಳಗೆ ಚರ್ಮ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆರಳಿಟ್ಟು ಎಣಿಸಲು ಹೋದೆ, ಲೆಕ್ಕಕ್ಕೇ ಸಿಗಲಿಲ್ಲ. ಹತ್ತು ನಿಮಿಷ ಆದ ಮೇಲೆ ತಟ್ಟನೆ ನಿಂತುಹೋಯಿತು.

ಮೊದಲು ತೋರಿಸಿದ ಕಡೆ, "ಪರೀಕ್ಷೆ ಭಯ ಇರಬೇಕು" ಅಂದರು. ಅಲ್ಲಿ ತೆಗೆದ ಇಸಿಜಿ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಬಡಿತ ಇಳಿದಿತ್ತಲ್ಲ, ಇನ್ನೇನು ಕಾಣುತ್ತದೆ? ನಾವೂ ನಂಬಿ ವಾಪಸ್ ಬಂದೆವು. ಮಗು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಪಕ್ಕಕ್ಕಿಟ್ಟೆನಲ್ಲ ಅನ್ನುವುದು ಇವತ್ತಿಗೂ ಕೊರೆಯುತ್ತದೆ. ನಾಲ್ಕು ತಿಂಗಳ ನಂತರ, ಎದೆ ಓಡುತ್ತಿರುವಾಗಲೇ ಇಸಿಜಿ ಸಿಕ್ಕಿತು. ನಿಮಿಷಕ್ಕೆ 220. ಕಾಯಿಲೆಯ ಹೆಸರು ಎವಿಎನ್‌ಆರ್‌ಟಿ.

ಮಕ್ಕಳ ಹೃದಯದ ಡಾಕ್ಟರು ಹಳೇ ರಿಪೋರ್ಟಿನ ಹಿಂದೆ ಚಿತ್ರ ಬರೆದು ತೋರಿಸಿದರು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಕರೆಂಟ್ ಇಳಿಯಲು ಒಂದೇ ಬಾಗಿಲು. ಅದು ಎವಿ ನೋಡ್. ಕೆಲವರಲ್ಲಿ ಆ ಬಾಗಿಲಿಗೆ ಎರಡು ದಾರಿ ಇರುತ್ತವೆ, ಒಂದು ವೇಗದ್ದು, ಒಂದು ನಿಧಾನದ್ದು. ಕರೆಂಟ್ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಗಿರಗಿರ ಸುತ್ತಲು ಶುರುಮಾಡಿದರೆ ಎದೆ ಓಡುತ್ತದೆ. ನಿಧಾನದ ದಾರಿಯನ್ನು ಮುಚ್ಚಿಬಿಟ್ಟರೆ ಸುತ್ತು ನಿಲ್ಲುತ್ತದೆ. ಇದಕ್ಕೆ ಅಬ್ಲೇಶನ್ ಅನ್ನುತ್ತಾರೆ. ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ತಂತಿಯಂಥ ಕ್ಯಾತಿಟರ್ ಕಳಿಸಿ ಆ ಜಾಗವನ್ನು ಸುಡುತ್ತಾರೆ, ಇಲ್ಲವೇ ಹೆಪ್ಪುಗಟ್ಟಿಸುತ್ತಾರೆ.

"ಮುಚ್ಚಬೇಕಾದ ದಾರಿಗೂ ಮುಟ್ಟಬಾರದ ಬಾಗಿಲಿಗೂ ಎಷ್ಟು ದೂರ?" ಅಂತ ಕೇಳಿದೆ. ಕೆಲವೇ ಮಿಲಿಮೀಟರ್ ಅಂದರು. ಮಕ್ಕಳ ಹೃದಯ ಚಿಕ್ಕದು, ಅಲ್ಲಿ ಇನ್ನೂ ಕಡಿಮೆ. ಆ ಬಾಗಿಲೇ ಸುಟ್ಟುಹೋದರೆ ಪೇಸ್‌ಮೇಕರ್ ಬೇಕಾಗುತ್ತದೆ, ಅದೂ ಜೀವನಪೂರ್ತಿ. ಎಂಟು ವರ್ಷದ ಮಗುವಿಗೆ ಅಂದರೆ ಬ್ಯಾಟರಿ ಮುಗಿದಾಗಲೆಲ್ಲ ಮತ್ತೊಂದು ಆಪರೇಶನ್. ನನ್ನ ನಿದ್ದೆ ಕೆಡಿಸಿದ್ದು ಇದೊಂದೇ.

ಸುಡುವ ವಿಧಾನ, ಅಂದರೆ ರೇಡಿಯೋ ಫ್ರೀಕ್ವೆನ್ಸಿ, ದಶಕಗಳಿಂದ ನಡೆದುಬಂದದ್ದು. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದರ ಬಗ್ಗೆ ಭಯ ಹುಟ್ಟಿಸುವುದು ನನ್ನ ಉದ್ದೇಶ ಅಲ್ಲ. ಆದರೆ ಬೆಂದ ಜಾಗ ಮತ್ತೆ ಹಸಿಯಾಗುವುದಿಲ್ಲ. ತಣ್ಣಗೆ ಮಾಡುವುದರಲ್ಲಿ ಒಂದು ಅವಕಾಶ ಇದೆ. ಕ್ರಯೋ ಅಬ್ಲೇಶನ್‌ನಲ್ಲಿ ಕ್ಯಾತಿಟರ್ ತುದಿಗೆ ನೈಟ್ರಸ್ ಆಕ್ಸೈಡ್ ಹರಿಸಿ ಮೊದಲು ಮೈನಸ್ 30 ಡಿಗ್ರಿ ಸುಮಾರಿಗೆ ಇಳಿಸುತ್ತಾರೆ. ಅಷ್ಟು ಚಳಿಗೆ ಆ ಜಾಗ ಮರಗಟ್ಟುತ್ತದೆಯೇ ಹೊರತು ಸಾಯುವುದಿಲ್ಲ. ಬಾಗಿಲಿಗೆ ತೊಂದರೆ ಕಂಡರೆ ತಕ್ಷಣ ನಿಲ್ಲಿಸಿ ಬೆಚ್ಚಗಾಗಲು ಬಿಡುತ್ತಾರೆ, ಕರೆಂಟ್ ಮತ್ತೆ ಹರಿಯುತ್ತದೆ. ಸರಿಯಾದ ಜಾಗ ಅಂತ ಖಾತ್ರಿಯಾದರೆ ಮೈನಸ್ 70, 80ಕ್ಕೆ ಇಳಿಸಿ ಸುಮಾರು ನಾಲ್ಕು ನಿಮಿಷ ಹಿಡಿಯುತ್ತಾರೆ. ಆಗಲೂ ಕಣ್ಣು ಬಾಗಿಲ ಮೇಲೇ ಇರುತ್ತದೆ. ಇನ್ನೊಂದು ಅನುಕೂಲ: ಫ್ರೀಜರಿನ ಐಸ್ ಟ್ರೇಗೆ ಒದ್ದೆ ಬೆರಳು ಅಂಟಿಕೊಳ್ಳುತ್ತಲ್ಲ, ಹಾಗೇ ಆ ತುದಿ ಗೋಡೆಗೆ ಅಂಟಿ ನಿಲ್ಲುತ್ತದೆ. ಬಡಿಯುವ ಹೃದಯದ ಒಳಗೆ ಜಾರುವುದಿಲ್ಲ.

ಮತ್ತೆ ಬರುವ ಸಾಧ್ಯತೆ ಇದರಲ್ಲಿ ಜಾಸ್ತಿ ಅಂತ ಡಾಕ್ಟರು ಮುಚ್ಚಿಡದೆ ಹೇಳಿದರು. 2010ರಲ್ಲಿ ಪ್ರಕಟವಾದ ಸೈರಾನೊ ಅನ್ನುವ ಅಧ್ಯಯನದಲ್ಲಿ ಇದೇ ಕಾಯಿಲೆಯ 509 ಜನರನ್ನು ಹೋಲಿಸಿದ್ದರು, ಹೆಚ್ಚಿನವರು ದೊಡ್ಡವರೇ. ತಣ್ಣಗೆ ಮಾಡಿಸಿಕೊಂಡವರಲ್ಲಿ ಶೇ 9.4 ಜನಕ್ಕೆ ತೊಂದರೆ ಮರುಕಳಿಸಿತು, ಸುಡಿಸಿಕೊಂಡವರಲ್ಲಿ ಶೇ 4.4. ಆದರೆ ಬಾಗಿಲು ಶಾಶ್ವತವಾಗಿ ಕೆಟ್ಟದ್ದು ಸುಟ್ಟವರ ಗುಂಪಿನಲ್ಲಿ ಒಬ್ಬರಿಗೆ, ತಣ್ಣನೆಯ ಗುಂಪಿನಲ್ಲಿ ಯಾರಿಗೂ ಇಲ್ಲ. ನಾನೂ ನನ್ನ ಹೆಂಡತಿಯೂ ರಾತ್ರಿಯೆಲ್ಲ ಇದನ್ನೇ ತೂಗಿದೆವು. ಮರುಕಳಿಸಿದರೆ ಇನ್ನೊಮ್ಮೆ ಮಾಡಿಸಬಹುದು. ಬಾಗಿಲು ಹೋದರೆ ಇನ್ನೊಮ್ಮೆ ಅನ್ನುವುದೇ ಇಲ್ಲ. ಕ್ರಯೋ ಅಂತ ತೀರ್ಮಾನ ಮಾಡಿದೆವು.

ಒಳಗೆ ಮೂರು ಗಂಟೆ. ಹೊರಬಂದ ಡಾಕ್ಟರು ಹೇಳಿದ ಒಂದು ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಮೊದಲು ಹಿಡಿದ ಜಾಗದಲ್ಲಿ ಇಪ್ಪತ್ತು ಸೆಕೆಂಡಿಗೇ ಬಾಗಿಲು ತಡವರಿಸ್ತು. ಬಿಟ್ಬಿಟ್ವಿ. ಆರು ಸೆಕೆಂಡಿಗೆ ಸರಿಹೋಯ್ತು. ಸ್ವಲ್ಪ ಕೆಳಗೆ ಹೋಗಿ ಮಾಡಿದ್ವಿ." ಆ ಆರು ಸೆಕೆಂಡನ್ನು ನಾನು ಎಷ್ಟು ಸಲ ಮನಸ್ಸಲ್ಲೇ ಎಣಿಸಿದ್ದೇನೋ ಲೆಕ್ಕವಿಲ್ಲ.

ಮಗಳಿಗೆ ಕಷ್ಟ ಅನಿಸಿದ್ದು ಆಮೇಲೆ ಕಾಲು ಮಡಚದೆ ಗಂಟೆಗಟ್ಟಲೆ ಮಲಗಿದ್ದು, ಅಷ್ಟೇ. ತೊಡೆಸಂದಿಯಲ್ಲಿ ರಕ್ತ ಕಟ್ಟಿ ನೀಲಿಯಾಗಿದ್ದು ಒಂದು ವಾರಕ್ಕೆ ಮಾಸಿತು.

ಐದು ತಿಂಗಳಿಗೆ ಮತ್ತೆ ಬಂತು. ಮೆಟ್ಟಿಲ ಮೇಲೆ ನಿಂತು, "ಅಪ್ಪಾ, ಓಡ್ತಿದೆ" ಅಂದಳು. ಮೊದಲೇ ಗೊತ್ತಿದ್ದ ಸಾಧ್ಯತೆಯೇ ಆದರೂ ಹೆಂಡತಿ ಅತ್ತುಬಿಟ್ಟಳು. ಮಾತ್ರೆ ಮೇಲೆ ಕೆಲವು ತಿಂಗಳು ತಳ್ಳಿದೆವು. ಅದರಿಂದ ಮಂಕಾಗಿ ಇರುತ್ತಿದ್ದಳು, ಆಟಕ್ಕೂ ಹೋಗುತ್ತಿರಲಿಲ್ಲ. ಎರಡನೇ ಸಲ 4 ಮಿಲಿಮೀಟರ್ ತುದಿಯ ಬದಲು 6 ಮಿಲಿಮೀಟರ್ ತುದಿ ಬಳಸಿದರು. ತುದಿ ದೊಡ್ಡದಾದರೆ ಹೆಪ್ಪುಗಟ್ಟುವ ಜಾಗವೂ ದೊಡ್ಡದು, ಮರುಕಳಿಸುವುದು ಕಡಿಮೆ. ಈಗ ಎರಡು ವರ್ಷ ಆಯಿತು, ಬಂದಿಲ್ಲ.

ಇದೇ ದಾರಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕ್ರಯೋ ಎಲ್ಲ ಮಕ್ಕಳಿಗೂ ಬೇಕಾಗಿಲ್ಲ. ತೊಂದರೆ ಕೊಡುವ ದಾರಿ ಎವಿ ನೋಡ್‌ನಿಂದ ದೂರ ಇದ್ದರೆ ಸುಡುವುದೇ ವಾಸಿ ಅಂತ ಡಾಕ್ಟರು ಹೇಳಬಹುದು. ಹಸುಗೂಸುಗಳಲ್ಲಿ ಇಂಥ ಎದೆ ಓಟ ಒಂದು ವರ್ಷದೊಳಗೆ ಎಷ್ಟೋ ಸಲ ತಾನಾಗಿಯೇ ನಿಲ್ಲುತ್ತದೆ, ಅಲ್ಲಿಯವರೆಗೆ ಸಾಮಾನ್ಯವಾಗಿ ಔಷಧಿ ಸಾಕು. ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು, ಅಪರೂಪಕ್ಕೆ ಹೃದಯದ ಗೋಡೆಗೆ ಪೆಟ್ಟು, ಇವು ಎರಡು ವಿಧಾನಕ್ಕೂ ಇರುವ ಅಪಾಯಗಳು. "ನಮ್ಮ ಮಗುವಿನ ದಾರಿ ಬಾಗಿಲಿಗೆ ಎಷ್ಟು ಹತ್ತಿರ?" ಅಂತ ಕೇಳಿ. ನೀವು ಮಾಡಿದವುಗಳಲ್ಲಿ ಎಷ್ಟು ಮರುಕಳಿಸಿವೆ ಅಂತಲೂ ಕೇಳಿ. ಕೇಳಿದ್ದಕ್ಕೆ ನಮ್ಮ ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

ಅವಳು ಆಟ ಮುಗಿಸಿ ಏದುಸಿರು ಬಿಡುತ್ತಾ ಬಂದಾಗ ನನ್ನ ಕಣ್ಣು ಈಗಲೂ ಕತ್ತಿಗೇ ಹೋಗುತ್ತದೆ. ಅವಳಿಗೆ ಅದು ಗೊತ್ತು. "ಇಲ್ಲಪ್ಪಾ, ಈ ಸಲ ಓಡಿದ್ದು ನಾನೇ" ಅಂತಾಳೆ.